ನೀಲಿ ಉಗುರು

ಹೊಸದಾಗಿ ಟೀಚರ್ ಆಗಿದ್ದಾಗ ಮಕ್ಕಳ ಗಣತಿಗೆಂದು ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಿನಲ್ಲಿ ಹೋಗುತ್ತಿದ್ದೆ. ಹುಲ್ಲಿನಲ್ಲಿ ಏನೋ ಸರ್ರನೆ ಸರಿಯಿತು, ಪಾದಕ್ಕೆ ಚುರ್ರೆಂದು ಚುಚ್ಚಿತು. “ಹಾವು!” ಎಂದು ಕಿರುಚಿಕೊಂಡೆ. ದನ ಕಾಯುತ್ತಿದ್ದ ಅಜ್ಜಿಯೊಬ್ಬಳು ಓಡಿಬಂದು ನನ್ನ ಕೈ ನೋಡಿ ಎದೆ ಬಡಿದುಕೊಂಡಳು.

“ಅಯ್ಯೋ ಶಿವನೇ, ಉಗುರೆಲ್ಲ ನೀಲಿಗಟ್ಟೈತೆ! ವಿಷ ಏರ್ಬಿಟ್ಟೈತೆ ಕಣವ್ವಾ!”

“ಅದು ಬಣ್ಣ ಅಜ್ಜಿ,” ಅಂದೆ.

ಕಡೂರಿನಲ್ಲಿ ಆಗ ಪಾರ್ಲರ್ ಎಲ್ಲಿತ್ತು? ಹಿಂದಿನ ದಿನ ನಾನೇ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕೈ ನೆನೆಸಿ, ಬೆಂಕಿಕಡ್ಡಿಯಿಂದ ಉಗುರಿನ ಸಂದು ಕೆರೆದು, ಬೀರೂರಿನ ಬಳೆಗಾರ ಅಗ್ಗಕ್ಕೆ ಕೊಟ್ಟ ನೀಲಿ ನೈಲ್ ಪಾಲಿಶ್ ಹಚ್ಚಿಕೊಂಡಿದ್ದೆ.

ಬಣ್ಣ ಅಂತ ಅಜ್ಜಿಗೆ ಹೇಳಿದ ಮೇಲೆ ನನಗೇ ಅನುಮಾನ ಬಂತು. ಬಣ್ಣದ ಕೆಳಗೆ ಉಗುರು ಹೇಗಿದೆಯೋ ನನಗೇನು ಗೊತ್ತು? ಕಾಲಿನ ಉಗುರು ನೋಡೋಣವೆಂದರೆ, ಬಾಟಲಿ ಒಣಗಿಹೋದೀತೆಂದು ಅದಕ್ಕೂ ಬಳಿದಿದ್ದೆ. ನಾಲಿಗೆ ಒಣಗಿತು, ಕಣ್ಣು ಮಂಜಾಯಿತು.

ಅಜ್ಜಿ ಸೊಂಟದ ಕುಡುಗೋಲು ತೆಗೆದು ನನ್ನ ಹೆಬ್ಬೆರಳಿನ ಬಣ್ಣ ಕೆರೆದಳು. ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆವು. ಉಗುರು ಕೆಂಪಗಿತ್ತು.

ಸರಿದುಹೋದದ್ದು ಓತಿಕ್ಯಾತವಿರಬೇಕು. ಪಾದದಲ್ಲಿದ್ದದ್ದು ಜಾಲಿಮುಳ್ಳು.

“ಜೀವ ಇರೋರು ಹೆಣದ ಬಣ್ಣ ಹಚ್ಕೋತಾರೇನವ್ವಾ?” ಅಂತ ಬೈಯುತ್ತಲೇ ಅಜ್ಜಿ ಮುಳ್ಳು ಕಿತ್ತಳು.

ಬೀರೂರಿನಲ್ಲಿ ಆ ಬಾಟಲಿ ಯಾಕಷ್ಟು ಅಗ್ಗ ಅಂತ ಆಗ ತಿಳಿಯಿತು.