ಬೇಗ ಬಂದ ಫೋಟೊ ಬೆಂದಿಲ್ಲವಂತೆ

ಪ್ರೋಗ್ರಾಂ ವೇಗವಾಗಿ ಓಡಿದ್ದಕ್ಕೆ ಇವತ್ತು ಗಂಜಾಂನಲ್ಲಿ ಬೈಸಿಕೊಂಡೆ, ಗೆಳೆಯರೇ.

ನಿಮಿಷದಲ್ಲಿ ವರ ಕೊಡುತ್ತಾಳೆಂದು ಹೆಸರಾದ ನಿಮಿಷಾಂಬನ ಗುಡಿ ಹತ್ತಿರ ಸ್ವಾಮಿ ಎಂಬಾತ ಫೋಟೊ ತೆಗೆದುಕೊಡುವ ಅಂಗಡಿ ಇಟ್ಟಿದ್ದಾನೆ. ತೆಗೆದ ಫೋಟೊಗೆ ಗೋಪುರದ ಹಿನ್ನೆಲೆ ಸೇರಿಸಿ ಉಳಿಸುವ ಜಾವಾ ಪ್ರೋಗ್ರಾಂ ನಾನು ಬರೆದದ್ದು. ಅದು ಎಷ್ಟು ನಿಧಾನವೆಂದರೆ, ಫೋಟೊ ಬರುವಷ್ಟರಲ್ಲಿ ಗಿರಾಕಿಗಳು ಬಸ್ಸು ಹತ್ತಿರುತ್ತಿದ್ದರು.

"ನಿಮಿಷಾಂಬನ ಎದುರ್ಗೆ ಅಂಗ್ಡಿ ಮಡೀಕಂಡು ಗಂಟೆಗಟ್ಲೆ ಕಾಯ್ಸುದ್ರೆ ಯಾರ್ ಸಾ ನಿಂತ್ಕತಾರೆ? ವ್ಯಾಪಾರ ಮುಳುಗೋಯ್ತದೆ" ಎಂದು ಸ್ವಾಮಿ ದಿನಾ ಗೋಳಾಡುತ್ತಿದ್ದ.

ಚಿತ್ರವನ್ನು ಬೇಗ ಉಳಿಸಿಕೊಡುವ ಬೇರೆ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡು, ಹುಡುಕಲು ಕೂತೆ. ಉಚಿತವಾದದ್ದು ಕುಂಟುತ್ತಿತ್ತು, ಓಡುವುದು ಕಾಸು ಕೇಳುತ್ತಿತ್ತು. ನಿದ್ದೆಗೆಟ್ಟು ಹುಡುಕಿದ ಮೇಲೆ ಎರಡೂ ಗುಣವಿರುವ ಒಂದು ಸಿಕ್ಕಿತು. ಇವತ್ತು ಬೆಳಿಗ್ಗೆ ಹಾಕಿಕೊಟ್ಟೆ. ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ಫೋಟೊ ಸಿದ್ಧ.

ಮೊದಲ ಗಿರಾಕಿ, ಕಿಕ್ಕೇರಿ ಕಡೆಯ ಹಿರಿಯರು. ಮನೆಮಂದಿಯ ಜೊತೆ ನಿಂತು ತೆಗೆಸಿಕೊಂಡ ಫೋಟೊವನ್ನು ತಿರುಗಿಸಿ ಮುರುಗಿಸಿ ನೋಡಿ ಸ್ವಾಮಿಯನ್ನು ಕೇಳಿದರು:

"ಇಸ್ಟು ಬಿರ್ನೆ ಬಂದ್ಬುಡ್ತಾ? ಬೆಂದಿಲ್ಲ ಕಣ್ಲಾ ಇದು. ಇನ್ನೊಂದ್ಸಲ ಒಳಿಕ್ಕಾಕು, ಕಾಯ್ತೀವಿ."

"ಸರಿಯಾಗೇ ಬಂದದೆ ಯಜಮಾನ್ರೇ" ಎಂದೆ.

"ನೀವ್ ಸುಮ್ಕಿರಿ. ನಮ್ಮೂರ್ ಮದ್ವೆ ಫೋಟೊ ಬರಕ್ಕೆ ಮೂರ್ ತಿಂಗ್ಳಾಯ್ತು. ಎಂಗ್ ಬಂದವೆ ಗೊತ್ತಾ?"

ಅವರು ಫೋಟೊ ಬಿಟ್ಟು ಹೊರಟರು. ಹಿಂದಿದ್ದವರೂ ಅನುಮಾನಿಸತೊಡಗಿದರು. ಸ್ವಾಮಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಸಾ, ಒಸಿ ನಿಧಾನ ಮಾಡ್ಬುಡಿ."

"ಎಷ್ಟು?"

"ಬಸ್ಸೂ ತಪ್ಬಾರ್ದು, ನಂಬ್ಕೇನೂ ಬರ್ಬೇಕು. ಅಸ್ಟು."

ಕೆಲಸ ಮುಗಿದ ಮೇಲೂ ಪರದೆಯ ಮೇಲೆ ಚಕ್ರ ತಿರುಗುತ್ತಿರಲಿ ಎಂದು ಒಂದು ಸಾಲು ಸೇರಿಸಿ ಬಂದೆ. ಅದಕ್ಕೆ ಯಾವ ಲೈಬ್ರರಿಯನ್ನೂ ಹುಡುಕಬೇಕಾಗಲಿಲ್ಲ. ಸುಮ್ಮನೆ ಕೂರುವ ವಿದ್ಯೆ ಜಾವಾದಲ್ಲಿ ಮೊದಲಿಂದಲೂ ಇದೆ, ಅದೂ ಉಚಿತವಾಗಿ.