ಅಡುಗೆಮನೆಯ ನಡುಕ

ನನ್ನ ಉದ್ಯೋಗವೇನೆಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಪುಣೆಯ ಸಂಶೋಧನಾ ಕೇಂದ್ರವೊಂದರಲ್ಲಿ ಕೂತು, ದೂರದೇಶದ ಯಂತ್ರಗಳು ಕಳಿಸುವ ನಡುಕಗಳಲ್ಲಿ ಲಾರಿಯದು ಯಾವುದು, ಸಮುದ್ರದ್ದು ಯಾವುದು ಎಂದು ಬೇರ್ಪಡಿಸುವವನು ನಾನು. ಕೊನೆಗೆ ಏನಾದರೂ ಉಳಿದರೆ ಅದು ಗುರುತ್ವದ ಅಲೆ. ಈಗಷ್ಟೇ ಹೊಸ ಶತಮಾನ ಬಂದಿದೆ, ಇನ್ನೂ ಏನೂ ಉಳಿದಿಲ್ಲ. ಲಾರಿಗಳು ಮಾತ್ರ ಬೇಕಾದಷ್ಟು ಸಿಕ್ಕಿವೆ.

ಯಂತ್ರದ ಉಪಾಯ ಸರಳ. ಲೇಸರ್ ಬೆಳಕನ್ನು ಎರಡಾಗಿ ಸೀಳಿ, ಒಂದನ್ನು ನೇರಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕಳಿಸಿ, ಕನ್ನಡಿಗಳಿಂದ ಹಿಂದಕ್ಕೆ ಕರೆಸುತ್ತಾರೆ. ಎರಡೂ ಮತ್ತೆ ಕೂಡಿದಾಗ ಒಂದನ್ನೊಂದು ಅಳಿಸಿಹಾಕುವಂತೆ ಹೊಂದಿಸಿರುತ್ತಾರೆ. ಬೆಳಕಿಗೆ ಬೆಳಕು ಸೇರಿ ಕತ್ತಲೆ. ಎಲ್ಲೋ ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆದರೆ ಆ ಅಲೆ ಹಾಯುವಾಗ ಜಾಗವೇ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗುತ್ತದೆ. ದಾರಿಗಳ ಅಳತೆ ಪರಮಾಣುವಿನ ಬೀಜಕ್ಕಿಂತಲೂ ಕಿರಿದಾಗಿ ತಪ್ಪಿ, ಕತ್ತಲೆಯಲ್ಲಿ ಬೆಳಕು ಮಿಣುಕುತ್ತದೆ. ಸತ್ತವರ ಸುಳಿವಿಗಾಗಿ ಕತ್ತಲೆ ಕಾಯಲು ಸಂಬಳ ಕೊಡುತ್ತಾರೆಂದರೆ ನಮ್ಮ ಗಂಗತ್ತೆಗೆ ವಿಚಿತ್ರವೇನೂ ಕಾಣಲಿಲ್ಲ.

ಗಂಗತ್ತೆ ನನ್ನ ಸೋದರತ್ತೆ. ವಿಜಾಪುರದಿಂದ ಮದುವೆಯಾಗಿ ಪುಣೆಗೆ ಬಂದವಳು. ಬಟ್ಟೆ ಅಂಗಡಿಯ ಮಾವ ತೀರಿಕೊಂಡ ಮೇಲೂ, ಮಧ್ಯಾಹ್ನ ಅವರು ಊಟಕ್ಕೆ ಬರುತ್ತಿದ್ದ ಹೊತ್ತಿಗೆ ಅಡುಗೆಮನೆಯ ನೆಲ ಸಣ್ಣಗೆ ನಡುಗುತ್ತದೆ ಎನ್ನುತ್ತಿದ್ದಳು. ಸಂಬಂಧಿಕರು ಜೇಜುರಿಯ ದೇವರ ಗುಡಿಗೆ ಕರೆದೊಯ್ಯೋಣ ಎಂದರು, ಡಾಕ್ಟರಿಗೆ ತೋರಿಸೋಣ ಎಂದರು. ಅವಳು ಹೆದರಿಹೋಗಿದ್ದಳು, ಮಾವನಿಗಲ್ಲ, ತನಗೇ.

"ನನ್ನ ತಲಿ ನೆಟ್ಟಗ ಅದನೋ ಇಲ್ಲೋ, ಅಷ್ಟ ನೋಡಿ ಹೇಳೋ," ಎಂದಳು.

ನನಗೋ ಜಂಬ. ವಿದ್ಯಾರ್ಥಿಗಳಿಗೆ ತೋರಿಸುವ ಅದೇ ಬಗೆಯ ಪುಟ್ಟ ಯಂತ್ರ ತಂದು ಅಡುಗೆಮನೆಯ ನೆಲದ ಮೇಲಿಟ್ಟು, ಗೋಡೆಯ ಮೇಲೆ ಕಪ್ಪು ಚುಕ್ಕೆಯೊಂದು ನಿಲ್ಲುವಂತೆ ಹೊಂದಿಸಿದೆ. ಮೊದಲ ದಿನ ಆ ಹೊತ್ತಿಗೆ ಚುಕ್ಕೆ ಬೆಳಗಿತು. ಹೊರಗೆ ಬಸ್ಸು ಹೋಗಿತ್ತು. ನಾನು ಗೆದ್ದವನಂತೆ ನಕ್ಕೆ, ಅತ್ತೆ ನಗಲಿಲ್ಲ. ಮರುದಿನ ಪುಣೆ ಬಂದ್. ಬಸ್ಸಿಲ್ಲ, ರಿಕ್ಷಾ ಇಲ್ಲ, ಕೆಳಗಿನ ಹಿಟ್ಟಿನ ಗಿರಣಿಯೂ ಮುಚ್ಚಿತ್ತು. ಇಬ್ಬರೂ ಕದಲದೆ ಕೂತೆವು. ಊಟದ ಹೊತ್ತಿಗೆ ಚುಕ್ಕೆ ಬೆಳಗಿತು, ಆರಿತು, ಮತ್ತೆ ಬೆಳಗಿತು, ಯಾರೋ ನಿಧಾನವಾಗಿ ಮೆಟ್ಟಿಲು ಹತ್ತುವ ಲಯದಲ್ಲಿ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಆದರೂ ಶಾಸ್ತ್ರ ಹೇಳಿದೆ: ಒಂದೇ ಯಂತ್ರದ ಮಾತು ನಂಬುವಂತಿಲ್ಲ, ಇನ್ನೊಂದೂ ಅದೇ ಗಳಿಗೆಗೆ ನಡುಗಿರಬೇಕು.

"ಇನ್ನೊಂದು ನಾ ಇಲ್ಲೇನು? ನನಗೂ ಈಗ ನಡುಕ ಗೊತ್ತಾತು," ಎಂದಳು ಅತ್ತೆ. "ನನಗ ಹುಚ್ಚಿಲ್ಲ ಅಂತಾತಲ್ಲ, ಸಾಕು. ಇನ್ನ ಆರಿಸು ಅದನ್ನ."

ಎಷ್ಟೋ ದಿನಗಳ ಮೇಲೆ ಅವಳ ಮುಖ ಹಗುರಾಗಿತ್ತು. ರೊಟ್ಟಿ ಬಡಿಯಲು ಎದ್ದಳು. ನಾನು ಯಂತ್ರ ಆರಿಸಿ, ಬಂದ್ ದಿನವೂ ಓಡುವ ಲಾರಿ ಯಾವುದಿರಬಹುದೆಂದು ಯೋಚಿಸುತ್ತ ಕೂತೆ. ಬಾಗಿಲಿಗೆ ಅಡ್ಡವಾಗಿ ಚಾಚಿದ್ದ ಕಾಲನ್ನು ಮಾತ್ರ ಮೆಲ್ಲಗೆ ಮಡಚಿಕೊಂಡೆ. ಹಿರಿಯರು ಊಟಕ್ಕೆ ಬರುವ ದಾರಿ.