ಹ್ಯಾಂಡಲ್ಲಿನ ತೋಬರಿ

ಐವತ್ತರ ಹತ್ತಿರ ಬಂದ ಗಂಡಸು ಇದ್ದಕ್ಕಿದ್ದಂತೆ ಸೈಕಲ್ ಕೊಂಡರೆ, ಡಾಕ್ಟರು ಅವನಿಗೆ ಏನೋ ಹೇಳಿದ್ದಾರೆ ಎಂದೇ ಆಳಂದದಲ್ಲಿ ಎಲ್ಲರೂ ತಿಳಿಯುತ್ತಾರೆ. ನನ್ನ ವಿಷಯದಲ್ಲಿ ಅದು ನಿಜವೇ. ಸಕ್ಕರೆ ಕಾಯಿಲೆಗೆ ಸೈಕಲ್ ಒಳ್ಳೆಯದು ಎಂದ ಡಾಕ್ಟರು, ಸೈಕಲ್ಲಿನ ಜೊತೆ ಬರುವ ಇನ್ನೊಂದು ಕಾಯಿಲೆಯ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. ಅದರ ಹೆಸರು ಸಾಮಾನು. ಮೊದಲು ಹೆಲ್ಮೆಟ್ ಬಂತು, ಆಮೇಲೆ ಕೈಗವಸು, ಆಮೇಲೆ ಕುಂಡೆಗೆ ದಿಂಬು ಹೊಲಿದ ಚಡ್ಡಿ. ಆ ಚಡ್ಡಿಯಲ್ಲಿ ನನ್ನನ್ನು ಕಂಡ ವಿದ್ಯಾರ್ಥಿಗಳು ಮರುದಿನ ಕನ್ನಡ ತರಗತಿಯಲ್ಲಿ ವ್ಯಾಕರಣವನ್ನು ಹಿಂದೆಂದೂ ಇಲ್ಲದಷ್ಟು ನಗುನಗುತ್ತಾ ಕಲಿತರು.

ಕೊನೆಗೆ ಬಂದದ್ದು ತಿಂಡಿಚೀಲ. ತಂಬಿಗೆಯಷ್ಟು ದಪ್ಪ, ಹ್ಯಾಂಡಲ್ಲಿಗೆ ಬಿಗಿಯುವ ಪಟ್ಟಿ, ಒಂದೇ ಕೈಯಲ್ಲಿ ಬಿಚ್ಚಬಹುದಾದ ಬಾಯಿ. ದೂರದೂರ ತುಳಿಯುವವರು ಇಳಿಯದೆ, ನಿಲ್ಲದೆ, ಯಾರ ಮುಖವನ್ನೂ ನೋಡದೆ ತಿನ್ನಲಿ ಎಂದು ಮಾಡಿದ್ದು. ನನ್ನ ಹೆಂಡತಿ ಅದರೊಳಗೆ ಕೈ ಹಾಕಿ ನೋಡಿ, "ಇದರಾಗ ಒಂದು ರೊಟ್ಟಿನೂ ಹಿಡಿಯಂಗಿಲ್ಲಲ್ರಿ" ಅಂದಳು. ರೊಟ್ಟಿ ತಿನ್ನುವವರಿಗಲ್ಲ ಇದು ಎಂದು ನಾನು ಗಂಭೀರವಾಗಿ ಹೇಳಿದೆ. ಹೇಳುವಾಗ ಅದೆಷ್ಟು ದೊಡ್ಡ ಸತ್ಯವೆಂದು ನನಗೆ ಗೊತ್ತಿರಲಿಲ್ಲ.

ಚೀಲ ಬಂದ ಮೇಲೆ ಅದಕ್ಕೆ ತಕ್ಕ ಪ್ರಯಾಣ ಬೇಡವೇ? ತಂಗಿ ಶರಣಮ್ಮನನ್ನು ಜೇವರ್ಗಿಗೆ ಕೊಟ್ಟಿದ್ದೇವೆ. ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ದಾರಿಯಲ್ಲಿ ಎಲ್ಲಿಯೂ ಊಟಕ್ಕೆಂದು ಕಾಲು ಕೆಳಗಿಡುವುದಿಲ್ಲ ಎಂದು ನಮ್ಮ ಸೈಕಲ್ ಬಳಗದ ವಾಟ್ಸಾಪಿನಲ್ಲಿ ಘೋಷಿಸಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು. ತಂಗಿಗೂ ಫೋನ್ ಮಾಡಿ ಬರುತ್ತೇನೆಂದೆ. ಚೀಲಕ್ಕೆ ಖರ್ಜೂರ, ಆನ್‌ಲೈನ್ ತರಿಸಿದ ಓಟ್ಸಿನ ಬಿಲ್ಲೆಗಳನ್ನು ತುಂಬಿದೆ.

ಭೂಸನೂರಿನ ತನಕ ನಾನು ಮತ್ತು ನನ್ನ ಖರ್ಜೂರ ಬಹಳ ಸುಖವಾಗಿದ್ದೆವು. ಅಫಜಲಪುರ ಇನ್ನೂ ಸ್ವಲ್ಪ ದೂರ ಇರುವಾಗ ಹವಳಗಾದ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಬೇವಿನ ಮರದ ಕೆಳಗೆ ನಿಂತಿತ್ತು. ಅದರ ಡ್ರೈವರು ಬುತ್ತಿ ಬಿಚ್ಚಿಕೊಂಡು ಕೂತಿದ್ದ. "ಬರ್ರಿ ಸರ, ಒಂದೀಟು ಊಟ ಮಾಡೂಣು" ಎಂದು ಕೂಗಿದ. "ಬ್ಯಾಡ್ರಿ, ನಂದು ಇಲ್ಲೇ ಅದ" ಎಂದು ಚೀಲ ತಟ್ಟಿ, ಅವನಿಗೆ ಕಾಣುವಂತೆ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡೆ.

"ಓಹೋ, ತೋಬರಿ ಕಟ್ಕೊಂಡೀರೇನ್ರಿ. ಹಂಗಾದ್ರ ನಡೀರಿ, ನಡೀರಿ" ಅಂದ ಅವನು.

ತೋಬರಿ ಎಂದರೆ ಟಾಂಗಾದ ಕುದುರೆಯ ಮೂತಿಗೆ ಕಟ್ಟುವ ಮೇವಿನ ಚೀಲ. ಕನ್ನಡ ಮೇಷ್ಟ್ರಾಗಿ ಆ ಪದಪ್ರಯೋಗದಲ್ಲಿ ತಪ್ಪು ಹುಡುಕಲು ಬಹಳ ದೂರ ಪ್ರಯತ್ನಿಸಿದೆ, ಸಿಗಲಿಲ್ಲ. ಬುತ್ತಿಗೆ ಗಂಟಿರುತ್ತದೆ. ಗಂಟು ಬಿಚ್ಚಲು ಎರಡು ಕೈ ಬೇಕು, ಎರಡು ಕೈ ಬೇಕಾದರೆ ಕೂರಬೇಕು, ಕೂತರೆ ಹಾದು ಹೋಗುವವರನ್ನು ಬಾ ಎನ್ನಲೇಬೇಕು. ಬುತ್ತಿಯ ಮರ್ಯಾದೆಯೆಲ್ಲ ಆ ಗಂಟಿನಲ್ಲಿದೆ. ತೋಬರಿಗೆ ಆ ರಗಳೆ ಇಲ್ಲ. ಯಾವ ಕುದುರೆಯೂ ಇನ್ನೊಂದು ಕುದುರೆಯನ್ನು ತನ್ನ ತೋಬರಿಗೆ ಕರೆದದ್ದನ್ನು ನಾನು ಕಂಡಿಲ್ಲ. ಹೀಗೆ ಖರ್ಜೂರದ ಜೊತೆ ಅವನ ಮಾತನ್ನೂ ಅಗಿಯುತ್ತಾ ಅಫಜಲಪುರದ ಬಜಾರು ದಾಟಿದೆ. ಎರಡೂ ಕಡೆ ಬಾಳೆಹಣ್ಣಿನ ಬಂಡಿಗಳಿದ್ದವು. ಕಾಲು ಕೆಳಗಿಡಲಿಲ್ಲ.

ಜೇವರ್ಗಿಯಲ್ಲಿ ತಂಗಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಅವಳ ಅತ್ತೆ, ಪಕ್ಕದ ಮನೆಯ ಇಬ್ಬರು ಹೆಂಗಸರು. ನಮ್ಮ ಕಡೆ ತಂಗಿಯ ಮನೆಗೆ ಬಂದವನ ಹ್ಯಾಂಡಲ್ಲಿನಲ್ಲಿ ಚೀಲ ತೂಗಿದರೆ ಅದಕ್ಕೆ ಒಂದೇ ಅರ್ಥ. ಕಾಲಿಗೆ ನೀರು ಕೊಡುವ ಮೊದಲೇ ಎಲ್ಲರ ಕಣ್ಣು ಅಲ್ಲಿಗೆ ಹೋಗುತ್ತದೆ. ನಾನು ಹೆಲ್ಮೆಟ್ಟಿನ ಪಟ್ಟಿಯೊಡನೆ ಗುದ್ದಾಡುತ್ತಿದ್ದಾಗಲೇ ಶರಣಮ್ಮ ಹ್ಯಾಂಡಲ್ಲಿನಿಂದ ಚೀಲ ಬಿಚ್ಚಿ ಒಳಗೆ ಒಯ್ದಿದ್ದಳು. "ತವರಿಂದ ಏನು ಬಂದದವ್ವ?" ಎಂದು ಅತ್ತೆ ಕೇಳಿದ್ದು ನನಗೆ ಹೊರಗೆ ಕೇಳಿಸಿತು.

ಓಡಿದೆ. ಅಷ್ಟರಲ್ಲಿ ಎಲ್ಲರ ಮುಂದೆ ಚೀಲ ಮಗುಚಿಯಾಗಿತ್ತು. ಹರಿದ ಪೊಟ್ಟಣಗಳು, ಅಂಟಂಟಾದ ಖರ್ಜೂರದ ಬೀಜಗಳು, ಒಡೆಯದ ಒಂದೇ ಒಂದು ಓಟ್ಸಿನ ಬಿಲ್ಲೆ. ತಂಗಿಯ ಮುಖ ಇಳಿಯಿತು. ಬೆಳಗಿನಿಂದ ಅಣ್ಣ ಬರುತ್ತಾನೆಂದು ಓಣಿಗೆಲ್ಲ ಹೇಳಿಕೊಂಡವಳು ಅವಳು. ನನಗೆ ಆ ಚಡ್ಡಿಯಲ್ಲಿ ನಿಂತಿರಲೂ ನಾಚಿಕೆಯಾಯಿತು.

ಆದರೆ ಅವಳು ನನಗಿಂತ ಚುರುಕು. ಬಿಲ್ಲೆ ಮುರಿದು ಎಲ್ಲರ ಕೈಗೂ ಒಂದೊಂದು ಚೂರು ಇಟ್ಟಳು. "ನಮ್ಮಣ್ಣ ಆನ್‌ಲೈನ್ ತರಿಸ್ಯಾನ್ರಿ ಅತ್ತಿ. ಭಾಳ ಶಕ್ತಿ ಬರ್ತದಂತ."

ಅತ್ತೆ ಇದ್ದ ಹಲ್ಲುಗಳಿಂದಲೇ ಬಹಳ ಹೊತ್ತು ಅಗಿದರು. "ಬರ್ತದ ಬಿಡವ್ವ. ಹಿಂಡಿ ಹಾಕಿದ್ರ ನಮ್ಮ ಎತ್ತಿಗೂ ಬರ್ತದ" ಅಂದರು. ಟ್ರ್ಯಾಕ್ಟರಿನವನಿಗೂ ಇವರಿಗೂ ಗುರುತಿಲ್ಲ, ಪರಿಚಯವಿಲ್ಲ. ಆದರೂ ಇಬ್ಬರೂ ನನ್ನನ್ನು ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ್ದರು.

ಅಡುಗೆಮನೆಯಲ್ಲಿ ತಂಗಿ ಮೆಲ್ಲಗೆ ಕೇಳಿದಳು. "ಅಣ್ಣಾ, ಅಫಜಲಪುರದಾಗ ಬಾಳಿಹಣ್ಣು ಇರಲಿಲ್ಲೇನು?"

"ಇದ್ದವು. ಕಾಲು ಕೆಳಗ ಇಡಂಗಿರಲಿಲ್ಲ."

"ಹಂಗಂತ ಯಾರು ಹೇಳ್ಯಾರ?"

ಹೆಬ್ಬೆರಳು ಎತ್ತಿದವರ ಹೆಸರು ಹೇಳುವ ಬದಲು ನಾನು ನೀರಿನ ತಂಬಿಗೆ ಎತ್ತಿದೆ.

ಬಂದ ಚೀಲವನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನ ಹೊರಡುವಾಗ ತಂಗಿ ಅದಕ್ಕೆ ಶೇಂಗಾ ಹೋಳಿಗೆ ತುರುಕಿದಳು. ಎರಡಕ್ಕೇ ಅದರ ಬಾಯಿ ಮುಚ್ಚದಾಯಿತು. ಉಳಿದದ್ದನ್ನು ಒಂದು ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಹ್ಯಾಂಡಲ್ಲಿನ ಇನ್ನೊಂದು ಕಡೆ ತೂಗುಹಾಕಿದಳು. ಸೈಕಲ್ಲು ದಾರಿಯುದ್ದಕ್ಕೂ ಗಂಟಿನ ಕಡೆಗೇ ವಾಲುತ್ತಿತ್ತು.

ಮನೆ ಮುಟ್ಟುವಷ್ಟರಲ್ಲಿ ಚೀಲ ಮಾರಿದವರ ಸಂದೇಶ ಬಂದಿತ್ತು, ನಿಮ್ಮ ಅಭಿಪ್ರಾಯ ತಿಳಿಸಿ ಎಂದು. ಮೇಷ್ಟ್ರಲ್ಲವೇ, ಸುಳ್ಳು ಬರೆಯಲಿಲ್ಲ. "ಹೊಲಿಗೆ ಗಟ್ಟಿಯಾಗಿದೆ. ಒಬ್ಬರಿಗೆ ಸಾಕು. ತಂಗಿ ಇರುವವರು ಕೊಳ್ಳಬೇಡಿ."